ಫಾನ್ ಪಾಲು

ನಮ್ಮ ಕಾರ್ಖಾನೆಯಲ್ಲಿ ಒಂದು ಮಾತಿತ್ತು: ಫಾನ್ ಪಾಲು. ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಯಾರೂ ಚಕಾರ ಎತ್ತದ ಹಾಗೆ ಹಂಚಿದ ಪಾಲಿಗೆ ಹಾಗನ್ನುತ್ತಿದ್ದರು. ವಸಂತದ ಹಬ್ಬಕ್ಕೆ ಮುಂಚೆ ಕಾರ್ಖಾನೆಯವರು ಹಂದಿ ಮಾಂಸ, ಸೇಬು, ಗೋಧಿ ಹಿಟ್ಟನ್ನು ವಿಭಾಗಕ್ಕೊಂದು ರಾಶಿಯಂತೆ ಇಳಿಸಿ ಹೋಗುತ್ತಿದ್ದರು. ಮಿಕ್ಕಿದ್ದು ನಮ್ಮ ಜಗಳ. ನನಗೆ ಬರೀ ಮೂಳೆ, ಅವಳಿಗೆ ಕೊಬ್ಬು ಅಂತ ಶುರುವಾದದ್ದು ಒಬ್ಬರ ವಂಶವನ್ನೊಬ್ಬರು ಜಾಲಾಡುವವರೆಗೂ ಹೋಗುತ್ತಿತ್ತು. ಆಗ ಯಾರಾದರೊಬ್ಬರು, "ಸುಮ್ನಿರ್ರೇ, ಫಾನ್ ಶಿಫು ಬರ್ಲಿ" ಅಂದರೆ ಎಲ್ಲರೂ ತೆಪ್ಪಗಾಗುತ್ತಿದ್ದರು. ಫಾನ್ ಯುಮೇ ತೋಳು ಮಡಚಿಕೊಂಡು ಬಂದು ಹಂಚಿಟ್ಟರೆ ತಕ್ಕಡಿ ಹುಡುಕುವ ಕೆಲಸವೇ ಇರಲಿಲ್ಲ.

ನಾನು ಆಕೆಯ ಕೈಕೆಳಗೆ ಹದಿನೆಂಟು ವರ್ಷ ಕೆಲಸ ಮಾಡಿದೆ. ಕೆಲಸ ಕಲಿಸಿದವರು, ಹಾಗಾಗಿ ಶಿಫು ಅನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ. ಅನ್ನುವ ಯೋಗ್ಯತೆ ನನಗೆ ಉಳಿದಿದೆಯೇ ಅನ್ನುವುದು ಬೇರೆ ಮಾತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಶಿಫು ಹುಟ್ಟಿದ್ದು ಇಲ್ಲೇ, ಉತ್ತರ ಚೀನಾದ ಶಾನ್ಶಿ ಪ್ರಾಂತ್ಯದ ಈ ಹಳದಿ ಮಣ್ಣಿನ ಗುಡ್ಡಗಳ ನಡುವೆ. ಅಪ್ಪ ಹೇಸರಗತ್ತೆಯ ಗಾಡಿಯಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ. ಮಗಳು ಹಿಂದೆ ನಡೆದು ಬಿದ್ದ ಚೂರುಗಳನ್ನು ಆರಿಸುತ್ತಿದ್ದಳು. ಹದಿನೇಳಕ್ಕೆ ಸಿಮೆಂಟ್ ಕಾರ್ಖಾನೆ ಸೇರಿದಾಗ ಊರಿಗೆಲ್ಲ ಇದ್ದದ್ದು ಒಂದೇ ಹೊಗೆಗೊಳವೆ. ಆಮೇಲಿನ ತನ್ನ ಬದುಕನ್ನೆಲ್ಲ ಆಕೆ ಹೊಗೆಗೊಳವೆಗಳಲ್ಲೇ ಲೆಕ್ಕ ಹಾಕುತ್ತಿದ್ದಳು.

"ಶಿಫು, ನಿಮ್ಮ ಮದುವೆ ಯಾವಾಗ ಆಗಿದ್ದು?"

"ಎರಡನೇದು ಏಳ್ತಾ ಇತ್ತು ಕಣೇ. ಮೆರವಣಿಗೆಗೆ ದಾರಿ ಇರ್ಲಿಲ್ಲ, ಇಟ್ಟಿಗೆ ಮೇಲೆ ನಡ್ಕೊಂಡು ಹೋದೆ."

"ಮಗಳು?"

"ನಾಲ್ಕನೇದು. ಬಾಣಂತಿ ಕೋಣೆ ಕಿಟಕಿ ತೆಗೆದ್ರೆ ಮಗು ಮೂಗು ಕಪ್ಪಾಗೋದು."

ಮನೆಗೆ ಬಿಳಿ ಹೊದಿಕೆ ಅಂತ ಆಕೆ ಒಂದನ್ನೂ ಕೊಂಡವಳಲ್ಲ. ಗಂಡ ಸುಣ್ಣಕಲ್ಲು ಒಡೆಯುವ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ನಿಂತು, ಈಗ ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಆದರೂ ಕಾರ್ಖಾನೆಯನ್ನು ಬೈದರೆ ಶಿಫುಗೆ ಸಿಟ್ಟು ಬರುತ್ತಿತ್ತು. "ಅನ್ನ ಹಾಕಿದ್ದು ಅದೇ ತಾನೆ? ಬೈಯೋರು ವಾಪಸ್ ನವಣೆ ಗಂಜಿಗೆ ಹೋಗ್ಲಿ ನೋಡೋಣ" ಅನ್ನುತ್ತಿದ್ದಳು.

ಏಳನೇ ಹೊಗೆಗೊಳವೆ ಕಾರ್ಖಾನೆಯ ಸ್ವಂತ ಪವರ್ ಹೌಸಿನದು. ಅದು ಬಂದಾಗ ಶಿಫುವನ್ನು ಕಲ್ಲಿದ್ದಲಿನ ಮಾದರಿ ತೆಗೆಯುವ ಕೋಣೆಗೆ ಹಾಕಿದರು. ನಾನು ಅಲ್ಲಿಗೇ ಹೊಸಬಳಾಗಿ ಹೋದೆ. ಕೆಲಸ ನೋಡಲು ಸುಲಭ. ಲಾರಿಗಳಿಂದ ಅಲ್ಲಲ್ಲಿ ಸಲಿಕೆಯಲ್ಲಿ ತೆಗೆದ ಕಲ್ಲಿದ್ದಲನ್ನು ಪುಡಿ ಮಾಡಿ ತಗಡಿನ ಮೇಲೆ ಗುಡ್ಡೆ ಹಾಕಬೇಕು. ಗುಡ್ಡೆಯ ನೆತ್ತಿ ತಟ್ಟಿ ರೊಟ್ಟಿಯ ಹಾಗೆ ಮಾಡಬೇಕು. ನಾಲ್ಕು ಪಾಲಾಗಿ ಸೀಳಿ, ಎದುರುಬದುರಿನ ಎರಡು ಪಾಲು ಎಸೆದು, ಉಳಿದೆರಡನ್ನು ಕಲಸಿ ಮತ್ತೆ ಗುಡ್ಡೆ ಹಾಕಬೇಕು. ಹೀಗೆ ಮಾಡುತ್ತಾ ಮಾಡುತ್ತಾ ನೂರು ಲಾರಿ ಕಲ್ಲಿದ್ದಲಿನ ಗುಣವೆಲ್ಲ ಒಂದು ಸಣ್ಣ ಚೀಲಕ್ಕೆ ಇಳಿಯಬೇಕು. ನನ್ನ ಪಾಲುಗಳು ಕುಂಟುತ್ತಿದ್ದವು. ಶಿಫು ಮಾಡಿದ ಎರಡು ಚೀಲಗಳನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಟ್ಟರೆ ಅವಳಿ ಮಕ್ಕಳಂತೆ ಒಂದೇ ಅಂಕಿ ಬರುತ್ತಿತ್ತು.

"ಕೈಯಲ್ಲಿ ಆಸೆ ಇರಬಾರ್ದು ಕಣೇ ಶುಚಿನ್" ಅಂತ ನನಗೆ ಹೇಳುತ್ತಿದ್ದಳು. "ಈ ಕಡೆ ಚೆನ್ನಾಗಿರೋದು ಬರ್ಲಿ ಅಂತ ಅಂದ್ಕೊಂಡ್ಯೋ, ಸಲಿಕೆ ಆ ಕಡೆ ವಾಲುತ್ತೆ."

ಇಷ್ಟು ಹೇಳಿದವಳೇ ಮುಂದಿನದನ್ನು ಮಾಡಿದಳು. ಜೊತೆಗೆ ನಾನೂ ಇದ್ದೆ.

ಒಂದು ವರ್ಷ ಮಾರ್ಚ್ ತಿಂಗಳಲ್ಲಿ ಮೇಲಿನಿಂದ ಹೊಸ ಕ್ರಮ ಬಂತು. ಪವರ್ ಹೌಸು ಎಷ್ಟು ಇಂಗಾಲ ಗಾಳಿಗೆ ಬಿಟ್ಟಿತು ಅನ್ನುವುದನ್ನು ಇನ್ನು ಮುಂದೆ ಕಲ್ಲಿದ್ದಲು ಪರೀಕ್ಷೆ ಮಾಡಿಸಿಯೇ ಹೇಳಬೇಕು. ಹಿಂದಿನ ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಚೀಲ ನಗರದ ಪ್ರಯೋಗಾಲಯಕ್ಕೆ ಹೋಗಬೇಕು. ಚೀಲ ಇಲ್ಲದ ತಿಂಗಳಿಗೆ ಅವರೇ ಒಂದು ದೊಡ್ಡ ಅಂಕಿ ಹಾಕಿಬಿಡುತ್ತಾರೆ. ನಮ್ಮ ಬೀರುವಿನಲ್ಲಿ ಉಳಿದಿದ್ದದ್ದು ಅಕ್ಟೋಬರ್ ತಿಂಗಳದ್ದು ಮಾತ್ರ. ಆ ತಿಂಗಳು ಕಲ್ಲುಮಣ್ಣು ತೊಳೆದು ತೆಗೆದ ಒಳ್ಳೆಯ ಕಲ್ಲಿದ್ದಲು ಬಂದಿತ್ತು, ಅಂಥದ್ದಕ್ಕೆ ಇಂಗಾಲದ ಅಂಕಿ ಕಡಿಮೆ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಸಿಕ್ಕಿದ ಕಸವನ್ನೆಲ್ಲ ಉರಿಸಿದ್ದೆವು.

ಮ್ಯಾನೇಜರ್ ದುವಾನ್ ನಮ್ಮ ಕೋಣೆಗೆ ಬಂದ. ಮಧ್ಯಾಹ್ನದ ಊಟದ ಡಬ್ಬಿ ಇನ್ನೂ ತೊಳೆದಿರಲಿಲ್ಲ. "ಫಾನ್ ಅಕ್ಕ, ನಿಮ್ಮ ಕೈ ನಂಬಿ ಬಂದಿದೀನಿ" ಅಂದ. "ಅಕ್ಟೋಬರ್ದನ್ನ ಹನ್ನೆರಡು ಮಾಡಿಕೊಡಿ. ನಮ್ಮ ಊರಲ್ಲಿ ಎಲ್ಲರೂ ಹೀಗೇ ಮಾಡ್ತಿದಾರೆ. ಒಂದೇ ಸಲ."

ಶಿಫು ತಗಡು ಒರೆಸಿದಳು. ನಾನು ಹನ್ನೆರಡು ಚೀಟಿ ಬರೆದೆ. ಜನವರಿ, ಫೆಬ್ರವರಿ, ಮಾರ್ಚ್. ನನ್ನ ಅಕ್ಷರ ದುಂಡಗೆ ಇರುತ್ತದೆ. ಶಾಲೆಯಲ್ಲಿ ಬಹುಮಾನ ಬಂದ ಅಕ್ಷರ. ಹಳೇ ತಿಂಗಳ ಚೀಟಿಗಳು ಹಳೇದಾಗಿ ಕಾಣಲಿ ಅಂತ ಚಹಾ ನೀರಲ್ಲಿ ಬೆರಳದ್ದಿ ಸವರಿದ್ದೂ ನಾನೇ. ಅದನ್ನು ಯಾರೂ ಹೇಳಿರಲಿಲ್ಲ. ನನಗೇ ಹೊಳೆದ ಬುದ್ಧಿ ಅದು, ಆಗ ಜಂಬವೂ ಆಯಿತು.

ವಾರದ ಮೇಲೆ ಪ್ರಯೋಗಾಲಯದವರು ಫೋನ್ ಮಾಡಿ, ಇಷ್ಟು ಸಮನಾಗಿ ಮಾದರಿ ಮಾಡಲು ಯಾವ ಯಂತ್ರ ಇಟ್ಟಿದ್ದೀರಿ ಅಂತ ಕೇಳಿದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಈಗ ನೆನಪಾದರೆ ಮುಖ ಎಲ್ಲಿಡುವುದೋ ತಿಳಿಯುವುದಿಲ್ಲ.

ಒಂದೇ ಸಲ ಅಂದದ್ದು ಒಂದೇ ಸಲ ಆಗಲಿಲ್ಲ. ಮರುವರ್ಷ ಎಲ್ಲ ತಿಂಗಳ ಮಾದರಿಯೂ ಬೀರುವಿನಲ್ಲಿತ್ತು. ಆದರೆ ದುವಾನ್ ತಲೆ ಕೆರೆದುಕೊಂಡು ಬಂದ. "ಈಗ ನಿಜದ್ದು ಕಳಿಸಿದ್ರೆ ಅಂಕಿ ಒಮ್ಮೆಗೇ ಮೇಲೆ ಹಾರುತ್ತೆ ಅಕ್ಕ. ಯಾಕೆ ಹಾರಿತು ಅಂತ ಕೇಳೋಕೆ ಬರ್ತಾರೆ. ಸ್ವಲ್ಪ ಇನ್ನೂ ಕೆಳಗೇ ಇರ್ಲಿ." ಒಂದು ಸುಳ್ಳು ಮುಚ್ಚಲು ಇನ್ನೊಂದು. ಮೂರು ವಸಂತ, ಮೂವತ್ತಾರು ಚೀಲ. ಪ್ರತಿ ವರ್ಷವೂ ಹಿಂದಿನದಕ್ಕಿಂತ ಒಂದು ಗುಲಗಂಜಿ ಒಳ್ಳೆಯ ಕಲ್ಲಿದ್ದಲು. ಪವರ್ ಹೌಸಿನ ಬಾಗಿಲಿಗೆ "ಕಡಿಮೆ ಇಂಗಾಲದ ಮಾದರಿ ಘಟಕ" ಅನ್ನುವ ಹಿತ್ತಾಳೆ ಫಲಕ ಬಂತು. ಮಾದರಿ ಅನ್ನುವ ಮಾತು ನೋಡಿ ನಾನೂ ಶಿಫುವೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಒಳಗೆ ಹೋದೆವು.

ಲುವೋ ಯಿಂಗ್ ಬಂದದ್ದು ಅದಾದ ಮೇಲೆ. ತೈಯುವಾನ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುವ ಹುಡುಗಿ. ಕೈಗಾರಿಕೆ ಬೆಳೆದ ಹಾಗೆ ಇಂಗಾಲ ಏನಾಗುತ್ತದೆ ಅನ್ನುವುದು ಅವಳ ವಿಷಯ. ಮೊದಲ ಸಲ ಅಂಕಿಗಳ ಪಟ್ಟಿ ಕೇಳಿಕೊಂಡು ಬಂದು, ಕಾರ್ಖಾನೆ ಕೊಟ್ಟದ್ದನ್ನು ಬರೆದುಕೊಂಡು ಹೋದಳು. ಎರಡು ವರ್ಷ ಬಿಟ್ಟು ಖರ್ಜೂರದ ಮಿಠಾಯಿ ಡಬ್ಬಿ ಹಿಡಿದುಕೊಂಡು ಮತ್ತೆ ಬಂದಳು. ಮ್ಯಾನೇಜರನ್ನು ನೋಡಲು ಅಲ್ಲ, ಶಿಫುವನ್ನು ನೋಡಲು.

"ಚಿಕ್ಕಮ್ಮ, ಧನ್ಯವಾದ ಹೇಳ್ಬೇಕಿತ್ತು. ನನ್ನ ಪ್ರಬಂಧ ನಿಂತಿರೋದೇ ನಿಮ್ಮ ಕೈ ಮೇಲೆ."

ಶಿಫು ನಕ್ಕು, "ನನ್ನ ಕೈ ಮೇಲೆ ಕಲ್ಲಿದ್ದಲು ಮಸಿ ಮಾತ್ರ ನಿಲ್ಲುತ್ತೆ ಮಗಳೇ. ಕೂತ್ಕೋ. ಅದೇನು ಬರೆದಿದೀಯ, ನಮಗೆ ಅರ್ಥ ಆಗೋ ಹಾಗೆ ಹೇಳು" ಅಂದಳು.

ಯಿಂಗ್ ತಗಡಿನ ಮೇಲಿದ್ದ ಮಸಿಯಲ್ಲೇ ಬೆರಳಾಡಿಸಿ ಗೆರೆ ಎಳೆದು ತೋರಿಸಿದಳು. ಈ ವಿಷಯದಲ್ಲಿ ಬರೆಯುವವರು ಮೂರು ಪಂಗಡವಂತೆ. ಹಳಬರು, ಕಾರ್ಖಾನೆ ಹೆಚ್ಚಿದಷ್ಟೂ ಹೊಗೆ ಹೆಚ್ಚುತ್ತದೆ ಅಂತ ನೆಟ್ಟಗೆ ಮೇಲೇರುವ ಗೆರೆ ಎಳೆದರು. ಆಮೇಲಿನವರು, ಹಾಗಲ್ಲ, ಅದು ಗುಡ್ಡದ ಹಾಗೆ; ಒಂದು ಹಂತದವರೆಗೆ ಏರಿ, ಊರು ಸ್ಥಿತಿವಂತವಾಗಿ ಹೊಸ ಯಂತ್ರ ಬಂದ ಮೇಲೆ ಇಳಿಯುತ್ತದೆ ಅಂದರು. ಮೂರನೆಯವರು, ಇಳಿಯುವುದೂ ಇಲ್ಲ ಗಿಳಿಯುವುದೂ ಇಲ್ಲ, ಹೊಗೆ ಪಕ್ಕದ ಊರಿಗೆ ಹೋಗುತ್ತದೆ ಅಷ್ಟೆ ಅಂದರು.

"ಮಗಳನ್ನ ಮದುವೆ ಮಾಡಿ ಕಳಿಸಿದ ಹಾಗೆ" ಅಂದೆ ನಾನು.

"ಹೌದು ಶುಚಿನ್ ಅಕ್ಕ, ಮನೆ ಖಾಲಿಯಾಯ್ತು ಅಂದ್ರೆ ಮಗಳು ಸತ್ತಳು ಅಂತಲ್ವಲ್ಲ!" ಅಂತ ನಕ್ಕಳು ಯಿಂಗ್. "ಆದ್ರೆ ಇಂಥ ಸಣ್ಣ ಊರಿನ ಗುಡ್ಡ ನಿಜಕ್ಕೂ ಇಳೀತಾ ಇದೆ ಅಂತ ತೋರಿಸಿದ್ದು ನಿಮ್ಮ ಅಂಕಿ. ಬೇರೆ ಊರಿನ ಅಂಕಿಗಳು ಕಪ್ಪೆ ಹಾಗೆ ಎಗರಾಡ್ತವೆ. ನಿಮ್ಮವು ಸಾಲಾಗಿ ಕೂತಿದ್ವು. ಅದಕ್ಕೇ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟಿದ್ದು ನಿಮಗೆ."

ಶಿಫುವಿನ ಮುಖದಲ್ಲಿದ್ದ ನಗು ಹಾಗೇ ಒಣಗಿತು. ಮಿಠಾಯಿಯ ಡಬ್ಬಿಯನ್ನು ಆಕೆ ಮೆಲ್ಲಗೆ ಮುಚ್ಚಿಟ್ಟಳು.

"ಈಗೇನು ಮಾಡ್ತಿದೀಯ?"

"ಈಗ ಬೇರೆಯವರು ಬರೆದದ್ದನ್ನೆಲ್ಲ ಓದಿ, ಈ ಸಂಶೋಧನೆ ಯಾವ ಕಡೆ ಹೋಗ್ತಿದೆ ಅಂತ ನೋಡ್ತಿದೀನಿ. ಸಾವಿರದ ಇನ್ನೂರು ಪ್ರಬಂಧ ಚಿಕ್ಕಮ್ಮ. ಕಣ್ಣು ಹೋಗಿಬಿಟ್ಟಿದೆ. ಮುಂದಿನ ತಿಂಗಳು ಸಮ್ಮೇಳನದಲ್ಲಿ ದೊಡ್ಡವರ ಮುಂದೆ ಓದ್ಬೇಕು."

"ಅವನ್ನೂ ಗುಡ್ಡೆ ಹಾಕಿ ನಾಲ್ಕು ಪಾಲು ಮಾಡ್ತೀಯೇನು?"

"ಮಾಡಿದ್ರೆ ಚೆನ್ನಾಗಿತ್ತು!" ಅಂದಳು ಯಿಂಗ್. "ಈಗ ಎಲ್ಲರೂ ಗುಡ್ಡದ ಇಳಿಜಾರಿನ ಬಗ್ಗೆಯೇ ಬರೀತಿದಾರೆ. ಯಾರ ಮಾತು ಹಿಡ್ಕೊಂಡು ಬರೀತಿದಾರೆ ಅಂತ ಹುಡುಕ್ತಾ ಹೋದೆ. ನಲವತ್ತೊಂದು ಪ್ರಬಂಧ ನನ್ನದನ್ನೇ ಹಿಡ್ಕೊಂಡಿವೆ. ಅಂದ್ರೆ ನಿಮ್ಮನ್ನೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಬೆರಳು ನೋಡಿಕೊಂಡೆ. ಮೂವತ್ತಾರು ಚೀಲ ನಮ್ಮ ಊರಿನ ಕಡತದಲ್ಲಿ ಸತ್ತುಬಿದ್ದಿವೆ ಅಂದುಕೊಂಡಿದ್ದೆ. ಅವು ನಲವತ್ತೊಂದು ಮನೆ ಹೊಕ್ಕಿದ್ದವು.

ಯಿಂಗ್ ಹೋದ ಮೇಲೆ ಶಿಫು ಮೂರು ದಿನ ತಂದ ಬುತ್ತಿ ಹಾಗೇ ವಾಪಸ್ ಹೋಗುತ್ತಿತ್ತು. ನಾಲ್ಕನೇ ದಿನ ತಗಡು ಒರೆಸುತ್ತಾ ಅಂದಳು: "ಅವಳಿಗೆ ಹೇಳ್ಬಿಡ್ತೀನಿ."

"ತಲೆ ಕೆಟ್ಟಿದೆಯಾ ಶಿಫು? ನಿಮ್ಮ ನಿವೃತ್ತಿಗೆ ಇನ್ನು ಎರಡು ತಿಂಗಳು. ಎದೆಗೆ ಕೆಂಪು ಹೂ ಸಿಕ್ಕಿಸಿ, ಗಂಟೆ ಜಾಗಟೆ ಬಾರಿಸಿ ಕಳಿಸಿಕೊಡ್ತಾರೆ. ಅದನ್ನ ಬಿಟ್ಟು ಹೊಲಸು ಮೈಮೇಲೆ ಸುರ್ಕೋತೀರಾ? ಆ ಹುಡುಗಿಗೂ ಕಷ್ಟ. ಅವಳ ಓದೇ ಬಿದ್ದುಹೋಗುತ್ತೆ."

"ಅವಳ ಓದಿನ ಮೇಲೆ ನಿನಗೆಷ್ಟು ಕನಿಕರ!"

ಚುಚ್ಚಿದ ಮಾತು ಸರಿಯಾದ ಜಾಗಕ್ಕೇ ಚುಚ್ಚಿತು. ನನಗೆ ಯಿಂಗಳ ಚಿಂತೆ ಎಲ್ಲಿತ್ತು? ನನ್ನ ಕೆಲಸದ ಚಿಂತೆ, ಅಷ್ಟೆ.

"ನಾನು ಸುಳ್ಳು ಹೇಳಿದ್ದು ಆಫೀಸಿಗೆ ಅಂದ್ಕೊಂಡಿದ್ದೆ ಕಣೇ" ಅಂದಳು ಶಿಫು. "ಆಫೀಸು ಅಂದ್ರೆ ಗೋಡೆ, ಕುರ್ಚಿ. ಗೋಡೆಗೆ ಸುಳ್ಳು ಹೇಳಿದ್ರೆ ಏನಂತೆ? ಈಗ ನೋಡಿದ್ರೆ ಈ ಹುಡುಗಿ ಕಣ್ಣು ಹಾಳು ಮಾಡ್ಕೊಂಡು ಅದನ್ನ ಓದ್ತಿದಾಳೆ. ಹೊಗೆ ಕಮ್ಮಿಯಾಗ್ತಿದೆ ಅಂತ ಊರೂರಿಗೆ ಸಾರ್ತಿದಾಳೆ. ಮನೇಲಿ ನನ್ನ ಗಂಡ ಉಸಿರಿಗೆ ಬಾಯಿ ಬಿಡ್ತಾ ಕೂತಿದಾನೆ. ನಾಚಿಕೆ ಆಗುತ್ತೆ ನನಗೆ. ಅವನ ಮುಖ ನೋಡೋಕೆ ನಾಚಿಕೆ ಆಗುತ್ತೆ."

ಹದಿನೈದು ದಿನದ ಮೇಲೆ ಯಿಂಗ್ ಕೊನೆಯ ಸಲ ಲೆಕ್ಕ ಹೊಂದಿಸಿ ನೋಡಲು ಬಂದಳು. ಬೆಳಿಗ್ಗೆ ಹತ್ತು ಗಂಟೆ. ಕೋಣೆಯಲ್ಲಿ ನಾವು ಮೂವರೇ. ಅವಳು ಬೀರುವಿನಿಂದ ಪ್ರಯೋಗಾಲಯಕ್ಕೆ ಕಳಿಸಿದ್ದರ ಜೋಡಿಯಾಗಿ ಇಟ್ಟ ಹಳೆಯ ಚೀಲಗಳನ್ನು ತೆಗೆಸಿ, ಚೀಟಿಗಳ ಫೋಟೋ ಹಿಡಿಯಬಹುದೇ ಅಂತ ಕೇಳಿದಳು. ನಾನು ಬಿಸಿನೀರಿನ ಫ್ಲಾಸ್ಕ್ ಎತ್ತಿಕೊಂಡು ಲೋಟಗಳ ಕಡೆ ತಿರುಗಿದೆ.

"ಫೋಟೋ ಬೇಡ ಮಗಳೇ" ಅಂದಳು ಶಿಫು. "ಒಂದು ವರ್ಷದ ಹನ್ನೆರಡೂ ಒಂದೇ ಗುಡ್ಡೆಯದು. ಮೂರು ವರ್ಷದ್ದೂ ಹಾಗೇ. ಅಂಕಿ ಸಾಲಾಗಿ ಕೂತಿದ್ದು ಅದಕ್ಕೆ. ನಿಜವಾದ ಕಲ್ಲಿದ್ದಲು ಎಲ್ಲಾದ್ರೂ ಸಾಲಾಗಿ ಕೂರುತ್ತಾ? ಅದೂ ಕಪ್ಪೆ ಹಾಗೇ ಎಗರುತ್ತೆ. ನಿಜವಾದ ಅಂಕಿ ಇಳಿದಿಲ್ಲ. ಏರಿದೆ."

ಯಿಂಗ್ ಕೂಗಾಡಿದ್ದರೆ ಚೆನ್ನಾಗಿತ್ತು. ಚೀಟಿಗಳನ್ನು ಒಂದೊಂದೇ ತಿರುಗಿಸಿ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ತಪ್ಪು ಮಾಡಿದವರು ನಾವು, ನಾಚಿಕೆಪಟ್ಟವಳು ಅವಳು.

"ನಾನು ಕೇಳ್ಬೇಕಿತ್ತು" ಅಂದಳು ಕೊನೆಗೆ. "ಇಷ್ಟು ಚೆನ್ನಾಗಿರೋಕೆ ಸಾಧ್ಯಾನಾ ಅಂತ ಒಂದು ಸಲ ಅನ್ನಿಸಿತ್ತು ಚಿಕ್ಕಮ್ಮ. ಕೇಳಿದ್ರೆ ಗುಡ್ಡ ಬಿದ್ದುಹೋಗುತ್ತೆ ಅಂತ ಕೇಳ್ಲಿಲ್ಲ."

ಆಮೇಲೆ ಒಂದು ಚೀಟಿ ಎತ್ತಿ ಹಿಡಿದು, "ಇದನ್ನ ಬರೆದಿದ್ದು ಯಾರು?" ಅಂದಳು.

ಚೀಟಿಯ ಮೇಲೆ ನನ್ನ ದುಂಡು ಅಕ್ಷರ. ಆ ಕೋಣೆಯ ಗೋಡೆಯಲ್ಲಿದ್ದ ಪಾಳಿ ಪಟ್ಟಿ, ಬಾಗಿಲ ಮೇಲಿನ "ಕಾಲು ಒರೆಸಿ ಬನ್ನಿ", ಎಲ್ಲವೂ ಅದೇ ಅಕ್ಷರ. ಶಿಫು ತನ್ನ ಹೆಸರು ಬರೆದರೆ ಕೋಳಿ ಕೆರೆದ ಹಾಗೆ ಇರುತ್ತದೆ.

"ನಾನೇ" ಅಂದಳು ಶಿಫು. "ಎಲ್ಲಾ ನಾನೇ ಮಾಡಿದ್ದು. ಇವಳಿಗೆ ಗೊತ್ತಿಲ್ಲ."

ಯಿಂಗ್ ಗೋಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಒಂದು ಮಾತು ಆಡಲು ನನಗೆ ಬೇಕಾದಷ್ಟು ಹೊತ್ತು ಕೊಟ್ಟಳು. ನಾನು ಲೋಟಕ್ಕೆ ನೀರು ಬಗ್ಗಿಸಿದೆ. ಲೋಟ ತುಂಬಿ, ನೀರು ತಗಡಿನ ಮೇಲೆ ಹರಿದು, ಮಸಿಯನ್ನೆಲ್ಲ ಕೆಸರು ಮಾಡಿತು. "ಅಯ್ಯೋ" ಅಂದೆ. ಅವತ್ತು ಆ ಕೋಣೆಯಲ್ಲಿ ನನ್ನ ಬಾಯಿಂದ ಬಂದದ್ದು ಅದೊಂದೇ.

ಮುಂದಿನದು ಸಣ್ಣ ಕಥೆ. ಯಿಂಗ್ ತನ್ನ ಪ್ರಬಂಧವನ್ನು ತಾನೇ ವಾಪಸ್ ತೆಗೆದುಕೊಂಡಳು. ದೊಡ್ಡವರ ಮುಂದೆ ಗುಡ್ಡದ ಬದಲು ಆ ತಪ್ಪನ್ನೇ ಓದಿದಳಂತೆ. ನಲವತ್ತೊಂದು ಕಡೆಗೂ ಪತ್ರ ಬರೆದಳು, ಉತ್ತರ ಬಂದದ್ದು ಐದು ಕಡೆಯಿಂದ. ಉಳಿದ ಕಡೆ ನಮ್ಮ ಚೀಲಗಳು ಇವತ್ತಿಗೂ ನಡೆದಾಡುತ್ತಿವೆ. ಒಮ್ಮೆ ಅವಳು ನನಗೆ ಫೋನ್ ಮಾಡಿ, "ಅಕ್ಕ, ನನಗೆ ಹೇಳೋದು ಏನಾದ್ರೂ ಇದೆಯಾ?" ಅಂತ ಕೇಳಿದಳು. ಇಲ್ಲ ಅಂದೆ. "ಸರಿ ಅಕ್ಕ" ಅಂದು ಇಟ್ಟುಬಿಟ್ಟಳು.

ವಿಚಾರಣೆ ಬಂತು. ದುವಾನ್ ಬೇರೆ ಘಟಕಕ್ಕೆ ಹೋದ, ಅಲ್ಲೂ ಮ್ಯಾನೇಜರೇ. ಹಿತ್ತಾಳೆ ಫಲಕವನ್ನು ಒಂದು ಭಾನುವಾರ ಬಿಚ್ಚಿಕೊಂಡು ಹೋದರು. ಶಿಫುವಿನ ಹೆಸರನ್ನು ಮಾತ್ರ ತಪ್ಪಿತಸ್ಥಳೆಂದು ಊಟದ ಮನೆಯ ಮುಂದಿನ ಹಲಗೆಯಲ್ಲಿ ಅಂಟಿಸಿದರು. ಹೋಗುವ ದಿನ ಕೆಂಪು ಹೂವೂ ಇಲ್ಲ, ಜಾಗಟೆಯೂ ಇಲ್ಲ. ಮೂವತ್ತೆಂಟು ವರ್ಷ ದುಡಿದವಳು ಊಟದ ಡಬ್ಬಿ, ಒಂದು ಜೊತೆ ರಬ್ಬರ್ ಬೂಟು ಹಿಡಿದು ಗೇಟು ದಾಟಿದಳು. ಅವಳ ಜಾಗಕ್ಕೆ ನನ್ನನ್ನು ಹಾಕಿದರು. ಅಂಥ ಗಲಾಟೆಯಲ್ಲೂ ಕೈ ಶುದ್ಧವಾಗಿಟ್ಟುಕೊಂಡವಳು ಅಂತ ಆದೇಶದಲ್ಲೇ ಬರೆದಿದ್ದರು. ಆ ಕಾಗದವನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಹೋದ ತಿಂಗಳು ಬೆಳಗಿನ ಸಂತೆಯಲ್ಲಿ ಶಿಫು ಎದುರಾದಳು. ತಪ್ಪಿಸಿಕೊಳ್ಳಲು ನೋಡಿದೆ, ಕೋಸಿನ ರಾಶಿ ಅಡ್ಡ ಬಂತು. ಆಕೆ ತೆಳ್ಳಗಾಗಿದ್ದಳು. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಅಂತ ನಿಂತೆ. ಎಷ್ಟು ದಿನದಿಂದ ಯಾರಾದರೂ ಬೈಯಲಿ ಅಂತ ಕಾಯುತ್ತಿದ್ದೆನೋ.

"ಒಂದು ಮಾತು ಹೇಳ್ಬೇಕಿತ್ತು ಶುಚಿನ್" ಅಂದಳು. "ಅವತ್ತು ನಿನ್ನ ಕೈಲಿ ಚೀಟಿ ಬರೆಸಿದ್ದು ನನ್ನ ತಪ್ಪು. ನೀನು ಕಲಿಯೋಕೆ ಬಂದವಳು. ನಿನಗೆ ನಾನು ಅದನ್ನೂ ಕಲಿಸಿಬಿಟ್ಟೆ. ಬೇಜಾರು ಮಾಡ್ಕೋಬೇಡ ಕಣೇ."

ಚಹಾ ನೀರಿನ ಬುದ್ಧಿ ನನ್ನದು ಶಿಫು ಅನ್ನಬೇಕಿತ್ತು. ಅಕ್ಷರ ನನ್ನದು ಅಂತ ಇವತ್ತೇ ಹೋಗಿ ಹೇಳುತ್ತೇನೆ ಅನ್ನಬೇಕಿತ್ತು. ಆಕೆ ಕಾದಳು ಕೂಡ.

"ವಿನೆಗರ್ ಈ ಅಂಗಡೀಲಿ ಚೆನ್ನಾಗಿರುತ್ತಾ ಶಿಫು, ಆ ಮೂಲೆ ಅಂಗಡೀಲಾ?" ಅಂದೆ.

ಆಕೆ ನನ್ನ ತೋಳು ಬಿಟ್ಟಳು. "ಮೂಲೆದು" ಅಂದಳು. ನಾನು ಮೂಲೆ ಅಂಗಡಿಗೆ ಹೋಗಿ ಒಂದು ಸೀಸೆ ತೆಗೆದುಕೊಂಡು ಕೆಲಸಕ್ಕೆ ಹೋದೆ.